ಫುಸಿಯ ಇಪ್ಪತ್ತಮೂರು

ಮೇ 12, ಸೋಮವಾರ

ಎರಡನೇ ತರಗತಿ. ಮತ್ತೆ ಕೈಲಿ ಒಂದು ಹಿಡಿಯುವ ಕೂಡುವ ಲೆಕ್ಕ. ತೆಂಗಿನಗರಿಯ ಕಡ್ಡಿ ಹಂಚಿದೆ — ಹತ್ತಾದರೆ ಒಂದು ಕಟ್ಟು, ಕಟ್ಟು ದಶಕದ ಮನೆಗೆ. ಕಿಟಕಿಯಾಚೆ ಸಮುದ್ರ ಹಾಲಿನ ಹಾಗೆ ಬಿಳುಪು. ಹನ್ನೊಂದಕ್ಕೆಲ್ಲ ಅರ್ಧ ತರಗತಿ ತೂಕಡಿಸುತ್ತಿತ್ತು. ನಾನೂ.

ಇಪ್ಪತ್ತೆಂಟು ಕೂಡಿಸು ಹದಿನೈದು. ಫುಸಿ ಬರೆದದ್ದು 23.

"ಇಪ್ಪತ್ತೆಂಟಕ್ಕೆ ಇನ್ನಷ್ಟು ಸೇರಿಸಿದ್ರೆ ಕಮ್ಮಿ ಆಗತ್ತೇನೇ?" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಮೇ 13

ಹೆಡ್‌ಮಾಸ್ತರ್ ವಿಲಿಸೋನಿ ಅವಳ ಪುಸ್ತಕ ತಿರುವಿದರು. ಪುಟ ಪುಟವೂ ಕೆಂಪು.

"ಒಂದನೇ ಕ್ಲಾಸಿಗೆ ಹಾಕಿ. ತಂಗಿ ಪಕ್ಕ ಕೂತ್ಕೊಳ್ಳಲಿ."

"ಒಂದು ವಾರ ಕೊಡಿ ಸರ್."

"ಸೋಮವಾರ ನಾನೇ ಬಂದು ಕೇಳ್ತೀನಿ."

ಫುಸಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಮೇ 16

ಮೂರು ದಿನದಿಂದ ಬಂದಿಲ್ಲ.

ಮೇ 17, ಶನಿವಾರ

ನೀರಿಳಿದ ಹೊತ್ತು ನೋಡಿ ಆಚೆಯ ದ್ವೀಪಕ್ಕೆ ನಡೆದೆ, ಫುಸಿಯ ಮನೆಗೆ. ಮೊಣಕಾಲುದ್ದ ನೀರು. ಆಕಾಶ ಯಾವುದು, ನೀರು ಯಾವುದು ತಿಳಿಯದು. ನಡೆಯುತ್ತಿದ್ದೆನೋ, ನಿಂತಲ್ಲೇ ಇದ್ದೆನೋ... ಮೀನುಗಳು ಮಾತ್ರ ಹಿಂದಕ್ಕೆ ಹೋಗುತ್ತಿದ್ದವು.

ಅಂಗಳದಲ್ಲಿ ಅಜ್ಜಿ ಲೋಸಿಮಾ, ಮೊಮ್ಮಗಳು. ತೆಂಗಿನಕಾಯಿ ಎಣಿಸುತ್ತಿದ್ದರು. ಒಂದೊಂದು ಕೈಗೆ ಒಂದೊಂದು ಕಾಯಿ. ಎಸೆದರೆ ಒಂದು ಜೋಡಿ. ಹತ್ತು ಜೋಡಿಗೆ ಒಂದು ಗುಡ್ಡೆ. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ನೆರಳಲ್ಲಿ ಕೂತೆ. ಕಾಯಿ ಬೀಳುವ ಸದ್ದು, ಹಾಡಿನಂಥ ಎಣಿಕೆ. ಕಣ್ಣು ಎಳೆಯಿತು.

"ಎಷ್ಟಾಯ್ತಜ್ಜಿ?"

"ಮೂರು ಗುಡ್ಡೆ, ಮೇಲೆ ನಾಲ್ಕು ಕಾಯಿ."

ಮೂರು, ನಾಲ್ಕು... ಮೂವತ್ನಾಲ್ಕೇ? ಎದ್ದು ಒಂದೊಂದಾಗಿ ಎಣಿಸಿದೆ. ಅರವತ್ನಾಲ್ಕು. ಗುಡ್ಡೆಗೆ ಇಪ್ಪತ್ತು! ಹಾಗಾದರೆ ಇವಳ 23? ಎರಡು ಗುಡ್ಡೆ, ಮೇಲೆ ಮೂರು. ನಲವತ್ಮೂರು! ಸರಿಯಾದ ಉತ್ತರಕ್ಕೆ ಕೆಂಪು ಗೀಟು ಹಾಕಿದ್ದೆ.

"ಹತ್ತಕ್ಕೊಂದು ಕಟ್ಟು ಅಂದ್ರಲ್ಲ ಟೀಚರ್," ಎಂದಳು ಫುಸಿ ನೆಲ ನೋಡುತ್ತ. "ಹತ್ತು ಅಂದ್ರೆ ಹತ್ತು ಜೋಡಿ ಅಲ್ವಾ?"

ಅಜ್ಜಿ ಸೊಂಟಕ್ಕೆ ಕೈಯಿಟ್ಟರು. "ನಮ್ಮ ಹುಡುಗೀಗೆ ಲೆಕ್ಕ ಬರಲ್ಲ ಅಂದೋಳು ನೀನೇನಾ ತಾಯಿ? ಕಾಯಿನ ಒಂದೊಂದೇ ಎಣಿಸೋರನ್ನ ಇವತ್ತೇ ನೋಡಿದ್ದು!"

"ಅವತ್ತು ನಕ್ಕಿದ್ದು ತಪ್ಪಾಯ್ತಮ್ಮ ಫುಸಿ."

"ಹ್ಞೂಂ." ಅಷ್ಟೇ. ಕ್ಷಮಿಸಿದಳೋ ಇಲ್ಲವೋ.

"ಶಾಲೆಯ ಗುಡ್ಡೆ ಚಿಕ್ಕದು ಕಣೆ. ಐದೇ ಜೋಡಿ," ಎಂದೆ.

ಫುಸಿ ಗುಡ್ಡೆಗಳನ್ನು ಕಾಲಿನಿಂದಲೇ ಅರ್ಧರ್ಧ ಮಾಡಿದಳು. ಆರು ಗುಡ್ಡೆ, ನಾಲ್ಕು ಕಾಯಿ. "ಇಷ್ಟೇನಾ?" ಎಂದಳು, ನನ್ನ ಬಗ್ಗೆ ಕನಿಕರಪಟ್ಟವಳಂತೆ.

ನೀರು ಏರುವ ಮುನ್ನ ಹೊರಟೆ.

ಮೇ 19, ಸೋಮವಾರ

ವಿಲಿಸೋನಿ ಸರ್ ಬಂದರು. ಮೂವತ್ತಾರು ಕೂಡಿಸು ಇಪ್ಪತ್ತೇಳು. ಫುಸಿ ಬೋರ್ಡಿನ ಮೇಲೆ ಮೂರು ಬರೆದಳು, ದಶಕದ ತಲೆಯ ಮೇಲೆ ಪುಟ್ಟ ಒಂದು, ಆಮೇಲೆ ಆರು.

"ಆ ಒಂದು ಎಲ್ಲಿಂದ ಬಂತು?"

"ಐದು ಜೋಡಿ ಸೇರಿ ಒಂದಾಯ್ತು ಸರ್. ಶಾಲೆ ಗುಡ್ಡೆ. ಅಜ್ಜಿ ಗುಡ್ಡೆ ಅಲ್ಲ."

ಸರ್ ಕಿಟಕಿಯಾಚೆ ನೋಡಿದರು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. "ನಮ್ಮಪ್ಪನೂ ಜೋಡೀಲೇ ಎಣಿಸ್ತಿದ್ರು..." ಎಂದರು ಮೆಲ್ಲಗೆ. "ಇಲ್ಲೇ ಇರಲಿ ಬಿಡಿ."

ಸಂಜೆ ಹಳೆಯ ಪುಸ್ತಕಗಳ ಪೆಟ್ಟಿಗೆ ತೆರೆದೆ. ಹೋದ ವರ್ಷ ಒಂದನೇ ತರಗತಿಗೆ ಇಳಿಸಿದ ಸೇಲಾಳ ಪುಸ್ತಕ. ಶಾಲೆಯನ್ನೇ ಬಿಟ್ಟಳಲ್ಲ, ಅವಳು. ಹತ್ತೊಂಬತ್ತು ಕೂಡಿಸು ಆರು. ನನ್ನ ಕೆಂಪು ಗೀಟಿನ ಕೆಳಗೆ ಅವಳ ದುಂಡು ಅಕ್ಷರದಲ್ಲಿ 15. ಒಂದು ಗುಡ್ಡೆ, ಮೇಲೆ ಐದು.

ನಾಳೆ ಅವಳ ಮನೆಗೆ ಹೋಗಿ —