ಸಡಿಲವಾಗಿ ಕಂಡ ತಂತಿಗಳು

ಕೊಪ್ಪ,
ನವೆಂಬರ್ 13, 2024

ಪ್ರೀತಿಯ ನಯನಾ,

ನಿನ್ನ ಸೊಂಟದ ನೋವು ಹೇಗಿದೆ? ದಿವ್ಯ ಸರಿಯಾಗಿ ಊಟ ಮಾಡುತ್ತಿದ್ದಾಳಾ, ಮೊಮ್ಮಗಳು ನಿಮ್ಮನ್ನು ಮಲಗಲು ಬಿಡುತ್ತಾಳಾ? ಫೋನಿನಲ್ಲಿ ಕೇಳಿದರೆ ಮಗು ಏಳುತ್ತದೆಂದು ಪಿಸುಗುಟ್ಟಿ ಇಟ್ಟುಬಿಡುತ್ತೀಯ. ಅದಕ್ಕೇ ಬಾಣಂತಿ ಲೇಹ್ಯದ ಜೊತೆ ಈ ಕಾಗದವನ್ನೂ ನರಸಿಂಹರಾಜಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಲೇಹ್ಯ ಮಗಳಿಗೆ, ಕಾಗದ ನಿನಗೆ, ಅದಲುಬದಲಾಗದಿರಲಿ. ನಾನು ಆರೋಗ್ಯವಾಗಿದ್ದೇನೆ. ನಾನು ಮಾಡುವ ಅನ್ನ ಒಂದು ದಿನ ಸಿಮೆಂಟು, ಒಂದು ದಿನ ಜಲ್ಲಿ. ಹಾರ್ಡ್‌ವೇರ್ ಅಂಗಡಿಯವನಿಗೆ ಎರಡೂ ಹೊಸದಲ್ಲ.

ಮಹಡಿಯ ಬಾಡಿಗೆದಾರ ಲಕ್ಷ್ಮೀಶ ಅವರೂ ಚೆನ್ನಾಗಿದ್ದಾರೆ. ನೀನು ಹೇಗೂ ಕೇಳುತ್ತೀಯ, ಮೊದಲೇ ಹೇಳಿದೆ. ರಿಟೈರ್ ಆದ ಮೇಲೂ ಅಂಗಿಗೆ ಇಸ್ತ್ರಿ, ಕೂದಲಿಗೆ ಬಣ್ಣ ತಪ್ಪಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲಿಳಿಯುತ್ತ "ನಯನಕ್ಕ ಯಾವಾಗ ಬರ್ತಾರೆ ಧರ್ಮಪ್ಪ? ಮನೆ ಬಿಕೋ ಅಂತದೆ ಮಾರಾಯ" ಎನ್ನುತ್ತಾರೆ. ಬಿಕೋ ಎನ್ನುತ್ತಿರುವುದು ಕೆಳಗಿನ ಮನೆ, ಅದನ್ನು ಅನುಭವಿಸಲು ನಾನಿದ್ದೇನೆ ಎಂದು ನಾಲಿಗೆ ತುದಿಗೆ ಬರುತ್ತದೆ. ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಡುತ್ತೇನೆ.

ಅವರ ಉಪಕಾರ ಮರೆತಿಲ್ಲ. ಬಚ್ಚಲಲ್ಲಿ ಬಿದ್ದಂದಿನಿಂದ ನಿನ್ನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ದಿವ್ಯ ಬಿಟ್ಟುಹೋದ ಗಿಟಾರನ್ನು ನೀನು ಒರೆಸಿ ಇಡುತ್ತಿದ್ದೆ, ಅಷ್ಟೆ. ಮೂರು ಬೆರಳು ಬಾಗಿಸಿ ಒತ್ತದೆ ಕಾರ್ಡ್ ಎಂಬ ಸ್ವರಮೇಳ ಹುಟ್ಟುವುದಿಲ್ಲವಂತೆ ಎಂದು ನಾನೂ ಸುಮ್ಮನಿದ್ದೆ. ಲಕ್ಷ್ಮೀಶ ಅವರು ಬಂದು ಮೂರು ತಂತಿ ಸಡಿಲಿಸಿ ಶ್ರುತಿಯನ್ನೇ ಬದಲಿಸಿದರು. ಏನೂ ಒತ್ತದೆ ಮೀಟಿದರೂ ಆರೂ ತಂತಿ ಒಟ್ಟಿಗೆ ಇಂಪಾಗಿ ನುಡಿದವು. ಬೇರೆ ಕಾರ್ಡ್ ಬೇಕೆಂದರೆ ಒಂದೇ ಬೆರಳನ್ನು ನೆಟ್ಟಗೆ ಅಡ್ಡ ಇಟ್ಟರಾಯಿತು. ಆ ದಿನ ನೀನು ನಕ್ಕ ಹಾಗೆ, ನಾನು ಈ ಮನೆ ಕಟ್ಟಿಸಿ ಬೀಗದ ಕೈ ಕೊಟ್ಟ ದಿನವೂ ನಕ್ಕಿರಲಿಲ್ಲ. ಸೈಕಲ್ಲಿನಲ್ಲಿ ಮೊಳೆ ಮಾರಿ ಅಂಗಡಿ ಮಾಡಿದವನು ನಾನು. ಆತ ಮೂರು ಬಿರಡೆ ತಿರುಗಿಸಿ ಗೆದ್ದ. "ಅವರಿಗೆ ಎಷ್ಟು ತಾಳ್ಮೆ ನೋಡಿ" ಎಂದೆ ನೀನು. ಇಷ್ಟು ವರ್ಷ ನಿನ್ನ ತಮ್ಮನ ಮಾತು ಕೇಳಿಸಿಕೊಂಡ ನನ್ನ ತಾಳ್ಮೆ ಯಾವ ಖಾತೆಗೆ ಹೋಯಿತೋ.

ಸಂಜೆ ನೀವಿಬ್ಬರೂ ಗಿಟಾರಿನ ಐದನೆಯ ಮನೆ, ಏಳನೆಯ ಮನೆ ಎಂದು ತಂತಿಯ ಮೇಲೆ ಬೆರಳಿಡುವಾಗ ನಾನು ನೀರು ಕುಡಿದು ಮತ್ತೆ ಅಂಗಡಿಗೆ ಹೋಗುತ್ತಿದ್ದೆ. ಗಿರಾಕಿ ಇದ್ದಾರೆ ಎನ್ನುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ದಿವ್ಯಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ ಮುಟ್ಟಿಸು. ಅಳಿಯ ರಾಜೇಶನನ್ನು ಕೇಳಿದೆನೆಂದು ಹೇಳು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟುಬಿಡು, ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಲಕ್ಷ್ಮೀಶರ ಸ್ಕೂಟರ್ ರಿಪೇರಿಗೆ ಹೋಗಿದೆ, ಪಾಪ.

ನಿನ್ನ,
ಧರ್ಮಪ್ಪ

ಇನ್ನೊಂದು ಮಾತು. ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ. ಸೋಮವಾರ ಗಿಟಾರಿನ ಧೂಳು ಒರೆಸುವಾಗ ಮೂರು ತಂತಿ ಸಡಿಲವಾಗಿ ಕಂಡವು. ಬೇಲಿ ತಂತಿ ಮಾರುವವನ ಕೈ, ಬಿಗಿದುಬಿಟ್ಟೆ. ಮೀಟಿದರೆ ಹುಣಿಸೆಹಣ್ಣು ತಿಂದ ಹಾಗೆ. ಲಕ್ಷ್ಮೀಶ ಕೇಳಿಸಿಕೊಂಡು ಇಳಿದುಬಂದು "ಕೊಡು ಇಲ್ಲಿ, ಎರಡು ನಿಮಿಷದ ಕೆಲಸ" ಅಂದರು. ಕೊಡಲಿಲ್ಲ. ಹಿಂದೆ ನೀನು ನುಡಿಸಿ ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆಯಲ್ಲ, ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಒಂದೊಂದೇ ತಂತಿ ಇಳಿಸಿದೆ. ಅದರ ಕೊನೆಗೆ ನೀನು "ಲಕ್ಷ್ಮೀಶ್ ಅವ್ರು ಹೇಳಿಕೊಟ್ಟಿದ್ದು ಕಣೆ ದಿವ್ಯಾ" ಎನ್ನುತ್ತೀಯ. ಪ್ರತಿ ಸಲವೂ ಕೇಳಿಸಿಕೊಂಡೆ. ಎರಡು ತಂತಿ ಸೇರಿವೆ. ದಪ್ಪದ್ದು ಇನ್ನೂ ಮುನಿಸಿಕೊಂಡಿದೆ. ನೀನು ಬಂದ ಮೇಲೆ ಬಿರಡೆ ನಾನು ತಿರುಗಿಸುತ್ತೇನೆ, ಶ್ರುತಿ ಸೇರಿದಾಗ "ಸಾಕು" ಎಂದು ನೀನು ಹೇಳು. ಮೇಲಿನವರನ್ನು ಕರೆಯಬೇಡ.