ಎಂಟರ ಕೊನೆಯ ತಿರುವು

ಭಾನುವಾರ, ಮಾರ್ಚ್ ಹದಿನಾಲ್ಕು
ಹೊಲಿಗೆ ಕೋಣೆಯಿಂದ, ಬೆಳಿಗ್ಗೆ

ನನ್ನ ಬುಗುರಿ,

ಮೊದಲು ಒಂದು ಮುತ್ತು, ಮಾತು ಆಮೇಲೆ. ಫೋನಿರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಮ್ಮ ಮನೆ ಎಷ್ಟು ದೊಡ್ಡದು ಎಂಬುದು ನಿನಗೆ ಗೊತ್ತಲ್ಲ. ನಾನು ಫೋನಿನಲ್ಲಿ ಹೇಳುವುದೆಲ್ಲ ನಿನಗಿಂತ ಮೊದಲು ನಿನ್ನ ಅಪ್ಪನಿಗೆ ಕೇಳಿಸುತ್ತದೆ. ಈಗ ಅವರು ಹಿಂದಿನ ವರಾಂಡದಲ್ಲಿ ಯಾವುದೋ ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾರೆ. ನಾನು ಗಿರಾಕಿಗಳ ಅಳತೆ ಬರೆದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಾರೆ.

ಕಳೆದ ವಾರ ನೀನು ಒಂದೇ ಪ್ರಶ್ನೆ ಕೇಳಿ ಫೋನ್ ಇಟ್ಟುಬಿಟ್ಟೆ. ಹದಿನೆಂಟು ತುಂಬಿದ ದಿನ ನನಗೂ ಬೈಕ್ ಕಲಿಸಿ ಎಂದು ನೀನು ಬೆನ್ನು ಹತ್ತಿದಾಗ, ಇದೇನು ಆಟದ ಸಾಮಾನಾ ಎಂದು ಕೀಲಿಯನ್ನು ಜೇಬಿಗೆ ಇಳಿಸಿದ ಮನುಷ್ಯ, ನಲವತ್ತೊಂಬತ್ತರ ಹೆಂಡತಿಗೆ ತಾನಾಗಿ ಕರೆದು ಕಲಿಸುತ್ತಿರುವುದು ಯಾಕೆ? ನಿನಗೆ ಹೊಟ್ಟೆಕಿಚ್ಚು ಎಂದು ನಾನು ಆ ಹೊತ್ತಿಗೆ ನಕ್ಕುಬಿಟ್ಟೆ. ನಿಜ ಹೇಳಬೇಕೆಂದರೆ ಅದೇ ಪ್ರಶ್ನೆ ನನ್ನನ್ನೂ ನಾಲ್ಕು ತಿಂಗಳು ಕೊರೆದಿತ್ತು. ಈಗ ಉತ್ತರ ಗೊತ್ತಾಗಿದೆ. ನಿನಗೆ ಹೇಳಬಾರದು ಎಂದು ಅಪ್ಪ ಮಾತು ತೆಗೆದುಕೊಂಡಿದ್ದಾರೆ. ಹೇಳಕೂಡದು ಎಂದರು, ಬರೆಯಕೂಡದು ಎನ್ನಲಿಲ್ಲ.

ಶುರುವಾದದ್ದು ಹೀಗೆ. ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಪರದೆಯ ಅಂಚು ಮಡಿಸುತ್ತಿದ್ದೆ. ಅಪ್ಪ ಬಂದವರೇ ನನ್ನ ಕೊರಳಲ್ಲಿದ್ದ ಅಳತೆ ಪಟ್ಟಿ ಎಳೆದುಕೊಂಡು ನನ್ನ ತಲೆಯ ಸುತ್ತಳತೆ ತೆಗೆದರು. ಇಷ್ಟು ವರ್ಷ ಊರಿನವರ ಸೊಂಟ ಅಳೆದ ನನಗೆ ನನ್ನ ತಲೆ ಎಷ್ಟು ಅಂಗುಲವೆಂದು ಗೊತ್ತಿರಲಿಲ್ಲ. ಸಂಜೆ ಕೆಂಪು ಹೆಲ್ಮೆಟ್ ಬಂತು. ನಾಳೆ ಆರೂವರೆಗೆ ಉಗ್ರಾಣದ ಹಿಂದಿನ ಅಂಗಳಕ್ಕೆ ಹೋಗೋಣ, ಪ್ಯಾಂಟ್ ಹಾಕಿಕೋ ಎಂದರು. ಯಾಕೆ ಎಂದೆ. ಕಲಿತಿರಲಿ ಎಂದರು.

ನನ್ನ ಸ್ವಭಾವ ನಿನಗೆ ಗೊತ್ತು. ಒಂದು ಅಂಗಿ ರಿಪೇರಿಗೆ ಬಂದರೆ ಅದು ಹರಿದದ್ದು ಮೊಳೆಗೆ ಸಿಕ್ಕೋ ಜಗಳದಲ್ಲೋ ಎಂದು ತಿಳಿಯದೆ ದಾರ ಪೋಣಿಸುವವಳಲ್ಲ ನಾನು. ಅಪ್ಪನ ಮನಸ್ಸಿನಲ್ಲಿ ಏನಿದೆ ಎಂದು ಲೆಕ್ಕ ಹಾಕಿದ್ದೇ ಹಾಕಿದ್ದು. ಗಾಡಿ ಮಾರುತ್ತಾರೆಯೇ? ಮಾರುವ ಗಾಡಿಯಲ್ಲಿ ಯಾರು ಕಲಿಸುತ್ತಾರೆ? ಬಟನ್ ಅಂಗಡಿಯಿಂದ ಸಾಮಾನು ತರುವ ಕೆಲಸ ನನ್ನ ತಲೆಗೆ ಕಟ್ಟುವ ಹುನ್ನಾರವೇ? ಕೊನೆಗೆ, ಐವತ್ತೈದಕ್ಕೆ ಗಂಡಸರಿಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುವುದೂ ಉಂಟು ಎಂದುಕೊಂಡೆ. ಆ ಊಹೆ ನನಗೆ ಹಿಡಿಸಿತು, ಅಲ್ಲಿಗೇ ಬಿಟ್ಟೆ.

ಕಲಿಕೆಯ ಕಥೆ ಕೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ. ಕ್ಲಚ್ಚು, ಗೇರು ಎಲ್ಲ ಒಂದು ವಾರದಲ್ಲಿ ಕೈಗೆ ಹತ್ತಿದವು. ನಿಲ್ಲಿಸುವುದೊಂದು ಬರಲಿಲ್ಲ. ಮೂವತ್ತು ವರ್ಷ ಮೋಟರ್ ಯಂತ್ರದಲ್ಲಿ ಹೊಲಿದವಳ ಬಲಗಾಲಿಗೆ ಒಂದೇ ಪಾಠ ಗೊತ್ತು, ಒತ್ತಿದರೆ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ. ಬೈಕಿನಲ್ಲಿ ಬಲಗಾಲಿಗೆ ಸಿಗುವುದು ಬ್ರೇಕು. ಎದುರಿಗೆ ನಾಯಿ ಬಂದರೆ ಸಾಕು, ನಾನು ಎದ್ದೆನೋ ಬಿದ್ದೆನೋ ಎಂದು ಕಾಲೆತ್ತುತ್ತಿದ್ದೆ, ಗಾಡಿ ತನ್ನ ಪಾಡಿಗೆ ಹೋಗುತ್ತಿತ್ತು. ಮೂರನೆಯ ದಿನ ಹೀಗೇ ಕಾಲೆತ್ತಿಕೊಂಡು ಉಗ್ರಾಣದ ಬೇಲಿಯೊಳಗೆ ನುಗ್ಗಿದೆ. ಹೆಲ್ಮೆಟ್ಟಿನ ತುಂಬ ಎಲೆ. ಬೇರೆ ಯಾರಾದರೂ ಗುರುವಾಗಿದ್ದರೆ ಇವಳಿಗೆ ತಲೆ ಇಲ್ಲ ಎನ್ನುತ್ತಿದ್ದರು. ನಿನ್ನ ಅಪ್ಪ ಹೊಲಿಗೆ ಯಂತ್ರದ ಮೆಕ್ಯಾನಿಕ್ ಅಲ್ಲವೇ, ರೋಗ ತಕ್ಷಣ ಗೊತ್ತಾಯಿತು. ಮರುದಿನ ಬ್ರೇಕಿನ ಪೆಡಲಿಗೆ ದಪ್ಪ ಜೀನ್ಸ್ ಬಟ್ಟೆಯ ತುಂಡು ಸುತ್ತಿ ತಂದರು. ಇದು ಮುಟ್ಟಿದಾಗ ಮಿಷನ್ ಅಲ್ಲ ಅಂತ ಕಾಲಿಗೆ ನೆನಪಾಗಲಿ ಎಂದರು. ಹದಿನೈದು ದಿನದಲ್ಲಿ ಕಾಲು ದಾರಿಗೆ ಬಂತು.

ಆಮೇಲೆ ಎಂಟು. ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಕೂಡದು. ಅಪ್ಪ ಸೀಮೆಸುಣ್ಣದಲ್ಲಿ ಅಂಗಳದ ತುಂಬ ದೊಡ್ಡ ಎಂಟು ಬರೆದು ನನ್ನ ಹಿಂದೆ ಕೂತರು, ಎರಡೂ ಕೈ ನನ್ನ ಭುಜದ ಮೇಲೆ. ಮುಂದಿನ ಚಕ್ರ ನೋಡಬೇಡ, ಹೋಗುವ ಕಡೆ ನೋಡು ಎಂದು ಅವರು ನೂರು ಸಲ ಹೇಳಿರಬೇಕು. ಒಂದು ದಿನ ನನಗೇ ಹೊಳೆಯಿತು. ತೋಳಿನ ದುಂಡು ಹೊಲಿಯುವಾಗ ನಾನು ಸೂಜಿ ನೋಡುತ್ತೇನೆಯೇ? ಎರಡು ಬೆರಳು ಮುಂದಿನ ಗುರುತು ನೋಡುತ್ತೇನೆ. ಹಾಗೆ ನೋಡಿದ್ದೇ ತಡ, ಗಾಡಿ ಬಟ್ಟೆಯ ಹಾಗೆ ತಿರುಗಿತು. ಭುಜದ ಮೇಲಿನ ಕೈ ಒಮ್ಮೆ ತಟ್ಟಿತು. ಬುಗುರಿ, ಮದುವೆಯಾದ ಹೊಸತರಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಫೆಬ್ರವರಿ ಒಂಬತ್ತಕ್ಕೆ ಪರೀಕ್ಷೆ. ಮೊದಲು ಕಣ್ಣಿನ ತಪಾಸಣೆ. ಗೋಡೆಯ ಅಕ್ಷರ ಓದಿಸಿದ ಮೇಲೆ ಗುಮಾಸ್ತ ನನ್ನ ಕಿವಿಯ ಪಕ್ಕಕ್ಕೆ ಕೈ ಒಯ್ದು ಬೆರಳು ಅಲ್ಲಾಡಿಸಿದ. ಮುಖ ತಿರುಗಿಸಬೇಡಿ, ಬೆರಳು ಕಂಡಾಗ ಹೇಳಿ ಎಂದ. ಇದೇನು ಮಕ್ಕಳಾಟ ಎಂದು ನಗು ಬಂತು. ಯಾಕೆ ಎಂದು ಕೇಳಿದೆ. ಕೆಲವರಿಗೆ ನೇರ ಎಲ್ಲ ಕಾಣುತ್ತದೆ, ಪಕ್ಕದಲ್ಲಿ ಲಾರಿ ಬಂದರೂ ಕಾಣುವುದಿಲ್ಲ, ಅವರಿಗೇ ಅದು ಎಷ್ಟೋ ದಿನ ಗೊತ್ತಾಗುವುದಿಲ್ಲ ಎಂದ. ಆಮೇಲೆ ಮೈದಾನ. ಪರೀಕ್ಷಕಿ ನಿನ್ನದೇ ವಯಸ್ಸಿನ ಹುಡುಗಿ, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಎಂಟರ ಕೊನೆಯ ತಿರುವಿನಲ್ಲಿ ನನ್ನ ಎಡಗಾಲು ನೆಲಕ್ಕೆ ಬಂತು. ಅವಳು ಕಾಗದದ ಮೇಲೆ ಗೀಟು ಎಳೆದು, ಒಂದು ತಿಂಗಳು ಬಿಟ್ಟು ಬನ್ನಿ ಎಂದಳು. ಫೇಲಾದೆ ಎಂದಾಗ ಅಪ್ಪನ ಮುಖ ಸಣ್ಣದಾಯಿತು. ಇದೊಂದು ಪರೀಕ್ಷೆಗೆ ಇಷ್ಟು ಪೆಚ್ಚಾಗುವುದೇ ಎಂದು ನನಗೆ ವಿಚಿತ್ರವೆನಿಸಿತು. ಮರುದಿನದಿಂದ ಮತ್ತೆ ಆರೂವರೆ, ಮತ್ತೆ ಅಂಗಳ.

ಮಾರ್ಚ್ ಒಂದರ ಸಂಜೆ ಅವರು ಕೆಲಸದಿಂದ ಬಂದಾಗ ಬೈಕಿನ ಎಡಗನ್ನಡಿ ಇರಲಿಲ್ಲ. ಎಡಗೈ ಗೆಣ್ಣುಗಳ ಮೇಲೆ ತರಚು ಗಾಯ. ಓಣಿ ಇಕ್ಕಟ್ಟಾಗಿತ್ತು, ನಿಂತ ವ್ಯಾನಿಗೆ ಉಜ್ಜಿತು ಎಂದರು. ಇಪ್ಪತ್ತೆಂಟು ವರ್ಷ ಅದೇ ಓಣಿಯಲ್ಲಿ ಓಡಾಡಿದ ಮನುಷ್ಯ. ನಾನು ಗಾಯಕ್ಕೆ ಔಷಧಿ ಹಚ್ಚಿ, ಅಂಗಿಯ ಮೇಲೆ ರಕ್ತವಿತ್ತು ಎಂದು ಬಿಚ್ಚಿಸಿಕೊಂಡೆ. ಕಾಲರಿನ ಎಡಭಾಗ ಸವೆದು ದಾರ ಎದ್ದಿತ್ತು, ಬಲಭಾಗ ಹೊಸದರ ಹಾಗಿತ್ತು. ಕಪಾಟು ತೆಗೆದು ನೋಡಿದರೆ ಅವರ ಅಂಗಿಗಳೆಲ್ಲ ಹಾಗೇ. ಎರಡು ಕಾಲರನ್ನು ನಾನೇ ಹಿಂದಿನ ತಿಂಗಳು ಮಗುಚಿ ಹೊಲಿದಿದ್ದೆ, ಯಾಕೆ ಒಂದೇ ಕಡೆ ಎಂದು ಯೋಚಿಸಿರಲಿಲ್ಲ. ಗಳಿಗೆಗೊಮ್ಮೆ ಎಡಕ್ಕೆ ಕತ್ತು ತಿರುಗಿಸಿ ತಿರುಗಿಸಿ ಗದ್ದ ಉಜ್ಜಿದರೆ ಮಾತ್ರ ಕಾಲರು ಹಾಗೆ ಸವೆಯುವುದು. ಆ ಗುಮಾಸ್ತನ ಬೆರಳು ನೆನಪಾಯಿತು.

ಮರುದಿನ ಬೆಳಿಗ್ಗೆ ಅವರು ಮೇಜಿನ ಮುಂದೆ ಕೂತು ಸಣ್ಣ ಸ್ಕ್ರೂಗಳನ್ನು ವಿಂಗಡಿಸುತ್ತಿದ್ದರು. ನಾನು ಸದ್ದಿಲ್ಲದೆ ಎಡಗಡೆ ನಿಂತು, ಕೈ ಚಾಚಿ ಬೆರಳು ಅಲ್ಲಾಡಿಸಿದೆ. ನೋಡಲಿಲ್ಲ. ಇನ್ನಷ್ಟು ಮುಂದೆ ತಂದೆ. ಮತ್ತಷ್ಟು. ಬೆರಳು ಹುಬ್ಬಿನ ಹತ್ತಿರ ಬಂದಾಗ ಬೆಚ್ಚಿಬಿದ್ದು ಸ್ಕ್ರೂ ಚೆಲ್ಲಿದರು. ಬಲಗಡೆ ಹೋಗಿ ಅದನ್ನೇ ಮಾಡಿದೆ, ಕೈ ಎತ್ತುವ ಮೊದಲೇ ಏನೇ ಇದು ಎಂದರು. ಎಡಗಡೆ ಕಾಣುವುದಿಲ್ಲ ಅಲ್ಲವೇ ಎಂದು ಕೇಳಿದೆ. ಅವರು ನೆಲದ ಮೇಲಿನ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಮೇಜಿನ ಮೇಲಿಟ್ಟರು.

"ಏಳು ತಿಂಗಳಾಯ್ತು. ಕಣ್ಣಿನ ಒತ್ತಡ ಅಂದ್ರು ಡಾಕ್ಟ್ರು. ಹೋಗಿದ್ದು ಬರಲ್ಲ, ಡ್ರಾಪ್ಸ್ ಹಾಕಿದ್ರೆ ಉಳಿದಿದ್ದು ಉಳಿಯುತ್ತೆ. ಗಾಡಿ ಮಾತ್ರ ಬಿಟ್ಬಿಡು ಅಂದ್ರು."

"ಮತ್ತೆ ದಿನಾ ಓಡಿಸ್ತಿದ್ರಲ್ಲ?"

"ನೀನು ಪಾಸಾದ ದಿನ ಬಿಡೋಣ ಅಂದ್ಕೊಂಡಿದ್ದೆ."

ಅವರು ನೋಡಿಕೊಳ್ಳುವ ಆರು ಕಾರ್ಖಾನೆಗಳಲ್ಲಿ ಎರಡಕ್ಕೆ ಬಸ್ಸಿಲ್ಲ. ಆ ಭಾರದ ಸಲಕರಣೆ ಚೀಲ ಹೊತ್ತು ನಡೆಯಲಾಗುವುದಿಲ್ಲ. ಕೈಗೆ ಇನ್ನೂ ಹತ್ತು ವರ್ಷದ ಕಸುಬಿದೆ, ಕರೆದುಕೊಂಡು ಹೋಗುವವರಿಲ್ಲದಿದ್ದರೆ ಆ ಕೆಲಸವೇ ಹೋಗುತ್ತದೆ. ಅದಕ್ಕೇ ನನಗೆ ಕಲಿಸಿದ್ದು. ಮೊದಲೇ ಹೇಳಿದ್ದರೆ ನೀನು ಹೆದರಿಕೊಂಡು ಕಲಿಯುತ್ತಿದ್ದೆ, ಹೆದರಿದರೆ ನಿನ್ನ ಕಾಲು ಮೇಲೆ ಹೋಗುತ್ತದೆ ಎಂದರು. ನನಗೆ ಸಿಟ್ಟು ಎಷ್ಟು ಬಂತೆಂದರೆ, ಕತ್ತರಿ ಕೈಯಲ್ಲಿರಲಿಲ್ಲ, ಒಳ್ಳೆಯದಾಯಿತು. ಅತ್ತುಬಿಟ್ಟೆ ಕೂಡ. ಕೀಲಿ ಕಿತ್ತುಕೊಂಡು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿದೆ. ಹತ್ತು ದಿನ ರಜೆ ಹಾಕಿಸಿದೆ. ಹನ್ನೊಂದಕ್ಕೆ ನಾನು ಪಾಸಾಗದಿದ್ದರೆ ಆ ಎರಡು ಕಾರ್ಖಾನೆಗಳು ಬೇರೆಯವರನ್ನು ಕರೆಸುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಸಿಟ್ಟಿನಲ್ಲೇ ನಿನ್ನ ಪ್ರಶ್ನೆಯನ್ನೂ ಅವರ ಮುಂದೆ ಇಟ್ಟೆ. ಮಗಳಿಗೆ ಯಾಕೆ ಕಲಿಸಲಿಲ್ಲ? ನೀನು ಹುಡುಗಿ ಎಂದಲ್ಲ, ಗಾಡಿಯ ಮೇಲಿನ ಮೋಹದಿಂದಲೂ ಅಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅವಳಿಗೆ ಕಲಿಸೋಕೆ ಇನ್ನೂ ಬೇಕಾದಷ್ಟು ಟೈಮ್ ಇದೆ ಅಂದ್ಕೊಂಡಿದ್ದೆ."

ಮೊನ್ನೆ ಗುರುವಾರ ಅದೇ ಮೈದಾನ, ಅದೇ ಹುಡುಗಿ, ನೆಗಡಿ ವಾಸಿಯಾಗಿತ್ತು. ಅಪ್ಪ ಗೇಟಿನ ಹೊರಗೆ ಮರದ ಕೆಳಗೆ ನಿಂತಿದ್ದರು, ನಾನು ಕಾಣಲೆಂದು ಇಡೀ ಮೈ ತಿರುಗಿಸಿಕೊಂಡು. ಇಷ್ಟು ದಿನ ಅದನ್ನು ಗುರುವಿನ ಗತ್ತು ಎಂದುಕೊಂಡಿದ್ದೆ. ಈ ಸಲ ಕಾಲು ಎರಡೂ ಗಾಡಿಗೇ ಅಂಟಿಕೊಂಡಿದ್ದವು. ಎಂಟನ್ನು ಒಂದು ಸಲ ಕೇಳಿದರೆ ಎರಡು ಸಲ ಹಾಕಿದೆ. ಎಲ್ಲಿ ನಿಲ್ಲಿಸಿ ಎಂದಳೋ ಅಲ್ಲಿ ಬಲಗಾಲು ಒತ್ತಿ ನಿಲ್ಲಿಸಿದೆ. ಹೋದ ಸಲವೂ ಚೆನ್ನಾಗಿಯೇ ಓಡಿಸಿದಿರಿ, ಕೊನೆಗೆ ಏನಾಯಿತು ಎಂದು ಕೇಳಿದಳು. ನೆಗಡಿಯಲ್ಲೂ ಆ ಹುಡುಗಿಯ ಕಣ್ಣು ಚುರುಕು. ನಾನು ನಕ್ಕು ಹೆಲ್ಮೆಟ್ ಬಿಚ್ಚಿದೆ.

ಹೊರಗೆ ಬಂದು ಪಾಸು ಎಂದೆ. ಅಪ್ಪ ತಲೆ ಆಡಿಸಿದರು, ಮೂಗು ಒರೆಸಿಕೊಂಡರು, ಆಮೇಲೆ ಹಿಂದಿನ ಸೀಟಿನ ಧೂಳನ್ನು ಕರವಸ್ತ್ರದಿಂದ ಒರೆಸಿ ಕೂತರು. ಇಪ್ಪತ್ತೆಂಟು ವರ್ಷದಲ್ಲಿ ಆ ಸೀಟನ್ನು ಅವರು ಒರೆಸಿದ್ದು ನಾನು ನೋಡಿಲ್ಲ, ಅದು ನನ್ನ ಜಾಗವಾಗಿತ್ತು. ದಾರಿಯುದ್ದಕ್ಕೂ ಎಡಗಡೆ ಏನಿದೆ ಏನಿದೆ ಎಂದು ಕೇಳುತ್ತ ಬಂದರು. ಹಣ್ಣಿನ ಗಾಡಿ, ಬಣ್ಣ ಬಳಿಯುತ್ತಿರುವ ಏಣಿ, ಶಾಲೆ ಬಿಟ್ಟ ಮಕ್ಕಳು ಎಂದು ನಾನು ಒದರುತ್ತ ಬಂದೆ. ಎಲ್ಲವೂ ಮೊದಲಿನಂತೆಯೇ ಇದೆ ನೋಡು ಎಂದು ಅವರು ಹೇಳಿದಾಗ ನನಗೆ ಹೆಲ್ಮೆಟ್ಟಿನೊಳಗೆ ಅಳು ಬಂತು. ನಾಳೆಯಿಂದ ಬೆಳಿಗ್ಗೆ ಅವರನ್ನು ಕೆಲಸಕ್ಕೆ ಬಿಟ್ಟು ಬಂದು ನಾನು ಹೊಲಿಗೆಗೆ ಕೂರುತ್ತೇನೆ.

ಈಗ ನಿನ್ನ ಪಾಲಿನ ಕೆಲಸ. ಈ ರೋಗ ರಕ್ತದಲ್ಲಿ ಬರುವುದುಂಟಂತೆ. ಈ ವಾರವೇ ಕಣ್ಣು ತೋರಿಸಿಕೋ, ಅಪ್ಪನಿಗೆ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳು. ನಿಮ್ಮ ಅಚ್ಚುಕೂಟದಲ್ಲಿ ರಜೆ ಕೊಡುವುದಿಲ್ಲ ಎಂಬ ಹಾಡು ನನ್ನ ಹತ್ತಿರ ಬೇಡ. ಆಮೇಲೆ ನಾಲ್ಕು ದಿನ ಇಲ್ಲಿಗೆ ಬಾ. ಅವರಿಗೆ ಇಂಜಿನ್ನಿನ ಸದ್ದು ಕೇಳಿಯೇ ಗೇರು ತಪ್ಪಿದ್ದು ಗೊತ್ತಾಗುತ್ತದೆ, ಕಲಿಸಲು ಕಣ್ಣು ಅಷ್ಟಾಗಿ ಬೇಕಿಲ್ಲ. ನೀನು ಕೇಳಬೇಡ, ಹೆಲ್ಮೆಟ್ ಹಾಕಿಕೊಂಡು ಮುಂದೆ ನಿಂತುಬಿಡು. ಅವರು ಹಿಂದೆ ಕೂರುತ್ತಾರೆ.

ವರಾಂಡದಲ್ಲಿ ಸದ್ದು ನಿಂತಿತು. ಮುಗಿಸುತ್ತೇನೆ.

ಲೈಸೆನ್ಸು ಪಡೆದ ನಿನ್ನ
ಅಮ್ಮ

ತಾ.ಕ. ಒಂದು ಮಾತು ಮೇಲೆ ಪೂರ್ತಿ ಬರೆಯಲಿಲ್ಲ. ಫೆಬ್ರವರಿ ಒಂಬತ್ತರಂದು ನನ್ನ ಕಾಲು ತಾನಾಗಿ ನೆಲಕ್ಕೆ ಬರಲಿಲ್ಲ, ನಾನೇ ಇಟ್ಟೆ. ಆ ತಿರುವು ಮುಗಿದರೆ ಬೆಳಗಿನ ಅಂಗಳ, ಭುಜದ ಮೇಲಿನ ಆ ಎರಡು ಕೈ, ಎಲ್ಲ ಮುಗಿಯುತ್ತದೆ ಎನಿಸಿತು, ಇನ್ನೊಂದು ತಿಂಗಳು ಇರಲಿ ಎಂದುಕೊಂಡೆ. ಕಣ್ಣಿನ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಆ ಕನ್ನಡಿ ಒಡೆಯುವವರೆಗೆ ಅವರು ಇಪ್ಪತ್ತು ದಿನ ಆ ಕಣ್ಣಿನಲ್ಲಿ ಗಾಡಿ ಓಡಿಸಿದ್ದು ನನ್ನಿಂದ. ಅವರು ಏಳು ತಿಂಗಳು ಮುಚ್ಚಿಟ್ಟರು ಎಂದು ನಾನು ಹಾರಾಡಿದೆನಲ್ಲ, ಅವತ್ತೂ ಇದನ್ನು ಹೇಳಲಿಲ್ಲ. ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ನೀನು ಬಂದು ಹೇಳು, ನನಗೊಬ್ಬಳಿಗೇ ತಿಳಿಯುತ್ತಿಲ್ಲ.