ಮರೆಗಾರನ ಲಕೋಟೆ

ಮಾರ್ಚ್ 3

ಪ್ರೀತಿಯ ಮೊಂಡಿಗೆ,

ನಾವಿಲ್ಲಿ ಉಂಡು ತಿಂದು ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ನೀನೂ ಹಾಗೇ ಇರುವೆ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು, ಉತ್ತರ ತಡವಾಗಿದ್ದಕ್ಕೆ ಬೈಯಬೇಡ. ಲೈಬ್ರರಿಯವರು ನಾನೂರು ಹಳೆಯ ಪುಸ್ತಕಗಳನ್ನು ತಂದು ನನ್ನ ಅಂಗಡಿಯ ಬಾಗಿಲಿಗೆ ಸುರಿದು ಹೋಗಿದ್ದಾರೆ. ಎಲ್ಲಕ್ಕೂ ಹೊಸ ಬೈಂಡು ಆಗಬೇಕಂತೆ, ಅದೂ ತಿಂಗಳೊಳಗೆ. ಬೆರಳ ಸಂದಿಯಲ್ಲೆಲ್ಲ ಗೋಂದು ಒಣಗಿ, ಅನ್ನ ಕಲಸಿದರೆ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಗಿದೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಾರ್ಡಿನಾಟದ ನಿನ್ನ ಮರೆಗಾರ ತಲುಪಿದ. ಲಕೋಟೆ ಬಿಚ್ಚಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಬಿಚ್ಚಿಲ್ಲ! ನೀನು ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

ನಗುವುದಕ್ಕೆ ನಿನಗೆ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಚಿಕ್ಕವರಿದ್ದಾಗ ಒಂದೇ ಚಾಪೆಯ ಮೇಲೆ ಎದುರುಬದುರು ಕೂತು, ನಾವೇ ಬರೆದ ಕಾರ್ಡುಗಳ ಸಾಲು ಜೋಡಿಸಿ ಆಡುತ್ತಿದ್ದೆವು. ಆಗ ಯಾರೆಂದು ತೋರಿಸದೆ ಅಡಗಿಸಿಡುವ ಕಾರ್ಡನ್ನು, ಅಂದರೆ ಮರೆಗಾರನನ್ನು, ಬೋರಲಾಗಿ ಇಟ್ಟರೆ ಸಾಕಿತ್ತು. ಆಗಲೂ ನಾನು ಬಗ್ಗಿ, ಕೆಮ್ಮಿ, ಬೇಕೆಂದೇ ಗಾಳಿ ಬೀಸಿ ಅವನ ಮುಖ ನೋಡುತ್ತಿದ್ದೆ. ಕಳ್ಳಣ್ಣ ಎಂಬ ಹೆಸರನ್ನು ನೀನು ಸುಮ್ಮನೆ ಇಟ್ಟದ್ದಲ್ಲ. ಈಗ ಒಂದು ನಡೆಗೆ ಒಂದು ಪತ್ರ ಎಂದು ಆಡುತ್ತಿರುವಾಗ, ಬೋರಲು ಕಾರ್ಡನ್ನು ಅಂಚೆಯಲ್ಲಿ ಕಳಿಸುವುದು ಹೇಗೆ? ಅದಕ್ಕೆ ಲಕೋಟೆಯ ಉಪಾಯ ಹೂಡಿದವಳು ನೀನೇ. ಅಡಗಿಸಿದವರು ಆಮೇಲೆ ಬದಲಾಯಿಸಬಾರದು, ಅದಕ್ಕೇ ಕಾರ್ಡು ಎದುರಾಳಿಯ ಮನೆಯಲ್ಲಿರಬೇಕು. ಅದು ಏಟು ಕೊಡುವವರೆಗೆ ಎದುರಾಳಿ ಬಿಚ್ಚಬಾರದು. ನಂಬಿಕೆಯ ಮೇಲೇ ನಡೆಯುವ ಆಟ. ಹೋದ ವರ್ಷ ಹಬೆ ಹಿಡಿದು ಲಕೋಟೆ ಬಿಚ್ಚಿ, ನೋಡಿ, ಮತ್ತೆ ಅಂಟಿಸಿ, ಏನೂ ಅರಿಯದವನ ಹಾಗೆ ನಿನ್ನ ಬಿಲ್ಲುಗಾತಿಯ ಎದುರಿಗೇ ಗುರಾಣಿ ತಂದಿಟ್ಟೆನಲ್ಲ, ಅದರ ಫಲ ಎಂಟು ತಿಂಗಳು ತಿಂದೆ. ಒಂದು ಪತ್ರವಿಲ್ಲ. ಫೋನು ಮಾಡಿದರೆ "ಚೆನ್ನಾಗಿದ್ದೀನಿ, ಇಡ್ಲಾ?" ಅಷ್ಟೇ. ಇನ್ನೊಮ್ಮೆ ಹಾಗಾದರೆ ನೀನು ಜನ್ಮದಲ್ಲಿ ಬರೆಯುವುದಿಲ್ಲ ಎಂದು ಗೊತ್ತು. ಅದಕ್ಕೇ ಆಣೆ ಮಾಡಿದೆ, ಅದಕ್ಕೇ ಈ ಸಲ ಕೈ ಕಟ್ಟಿ ಕೂತಿದ್ದೇನೆ.

ಅಂದ ಹಾಗೆ, ಈ ಸಲದ ಲಕೋಟೆಯ ಬಾಯಿ ಅರ್ಧ ತೆರೆದೇ ಇತ್ತು ಮಾರಾಯ್ತಿ. ತುದಿಯಲ್ಲಿ ಮಾತ್ರ ಚೂರು ಎಂಜಲು. ಬೈಂಡರನ ತಂಗಿಯಾಗಿ ಅಂಟಿಸುವುದು ಇನ್ನೂ ಬರುವುದಿಲ್ಲವಲ್ಲ! ನನ್ನ ಪರೀಕ್ಷೆ ಮಾಡುತ್ತಿದ್ದೀಯೋ ಏನೋ. ನಾನು ಮುಖ ಆ ಕಡೆ ತಿರುಗಿಸಿಕೊಂಡು, ಅಂಗಡಿಯ ಗಟ್ಟಿ ಗೋಂದನ್ನೇ ಸವರಿ, ಪ್ರೆಸ್ಸಿನ ಕೆಳಗೆ ಒಂದು ಗಂಟೆ ಇಟ್ಟೆ. ಇನ್ನು ಕಾಗದ ಹರಿದೀತೇ ಹೊರತು ಅಂಟು ಬಿಡುವುದಿಲ್ಲ. ಹಬೆಗೂ ಜಗ್ಗುವುದಿಲ್ಲ. ನಿನ್ನ ಅತ್ತಿಗೆ ನೋಡುತ್ತಾ ನಿಂತಿದ್ದಳು. "ಅಷ್ಟೊಂದು ಕುತೂಹಲ ಇದ್ರೆ ಕಿಟಕಿ ಹತ್ರ ಬಿಸಿಲಿಗೆ ಹಿಡ್ದು ನೋಡ್ಬಾರ್ದಾ, ಯಾರಿಗೆ ಗೊತ್ತಾಗತ್ತೆ?" ಅಂದಳು. "ಅವಳಿಗೆ ಗೊತ್ತಾಗತ್ತೆ, ಅವಳಿಗೆ ಬೆನ್ನಲ್ಲೂ ಕಣ್ಣು" ಅಂದೆ. ಲಕೋಟೆಯನ್ನು ಅವಳ ಕೈಗೇ ಕೊಟ್ಟು ಬೀರುವಿನಲ್ಲಿಡಿಸಿದೆ. ಬೀಗದ ಕೈ ಅವಳ ಹತ್ತಿರವೇ ಇದೆ.

ನಮ್ಮ ಆಟದ ನಿಯಮದ ಪುಸ್ತಕ ಹೊಲಿದಾಯಿತು, ಹದಿನಾರು ಪುಟ. ಮರೆಗಾರನದ್ದು ಒಂಬತ್ತನೇ ಪುಟ, ಅದೊಂದೇ ಖಾಲಿ. ನನ್ನ ಅಭಿಪ್ರಾಯ ಹೀಗಿದೆ. ಅಡಗಿರುವಾಗ ಅವನನ್ನು ಗುರಿಯಿಟ್ಟು ಹೊಡೆಯುವಂತಿಲ್ಲ. ಆದರೆ ಇಡೀ ಸಾಲಿಗೆ ಬೀಳುವ ಬಿರುಗಾಳಿ ಅವನಿಗೂ ಬೀಳಲಿ, ಯಾಕೆಂದರೆ ಅಡಗಿರುವುದು ಕಣ್ಣಿಗೆ ಮಾತ್ರ, ಗಾಳಿಗಲ್ಲ. ಬೇರೆಯವರಿಗೆ ಅಡ್ಡ ನಿಂತು ಕಾಯುವಂತಿಲ್ಲ, ಅಡ್ಡ ನಿಂತವನು ಕಾಣಲೇಬೇಕಲ್ಲ. ಒಂದು ಏಟು ಕೊಟ್ಟನೋ, ಹೊರಗೆ ಬಂದ ಹಾಗೆ, ಮತ್ತೆ ಒಳಗೆ ಹೋಗುವ ಮಾತಿಲ್ಲ. ಇದಕ್ಕೆ ನೀನು ಏನು ತಕರಾರು ತೆಗೆಯುತ್ತೀ, ಬರೆ.

ನನ್ನ ನಡೆ: ಎಡತುದಿಯ ಕಾವಲುಗಾರನಿಂದ ನಿನ್ನ ಕುದುರೆಯವನಿಗೆ ಎರಡು ಏಟು. ಅವನ ಜೀವ ಇನ್ನು ಒಂದೇ ಉಳಿಯಿತು, ಪಾಪ.

ನೂರು ಕಾಲ ಬಾಳು, ಆದರೆ ಈ ಆಟ ಮಾತ್ರ ಸೋಲು.

ಇಂತು ನಿನ್ನ
ಕಳ್ಳಣ್ಣ

ತಾ.ಕ.: ಎಂಟು ತಿಂಗಳು ಮಾತು ಬಿಟ್ಟಿದ್ದೆಯಲ್ಲ, ಆಗ ದಿನಾ ಪೋಸ್ಟ್‌ಮ್ಯಾನನ್ನು ದಾರಿಗೇ ಹೋಗಿ ತಡೆಯುತ್ತಿದ್ದೆ. ನಿನಗೆ ಇದನ್ನು ಹೇಳಿರಲಿಲ್ಲ.


ಏಪ್ರಿಲ್ 2

ಪ್ರೀತಿಯ ಮೊಂಡಿಗೆ,

ಮತ್ತೆ ತಡ. ನಿನ್ನ ಮಾರ್ಚ್ ಹನ್ನೆರಡರ ಪತ್ರಕ್ಕೆ ಇವತ್ತು ಕೂತಿದ್ದೇನೆ. ನಾನೂರರಲ್ಲಿ ಇನ್ನೂರ ಎಂಬತ್ತು ಮುಗಿಯಿತು. ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗಿ, ಅದನ್ನು ಸಾಣೆ ಹಿಡಿಸಲು ಮೂರು ದಿನ ಹೋಯಿತು. ಕೈ ಮುಗಿಯುತ್ತೇನೆ, ಕೋಪ ಬೇಡ.

ಭಾನುವಾರ ಫೋನು ಮಾಡಿದಾಗ ನಿನ್ನ ದನಿ ನಿದ್ದೆಗಣ್ಣಿನಲ್ಲಿದ್ದ ಹಾಗಿತ್ತು. "ಚೆನ್ನಾಗಿದ್ದೀನಣ್ಣ" ಅಂದೆ, ಇಟ್ಟೆ. ನಿನ್ನನ್ನು ಯಾರಾದರೂ ಬಾವಿಗೆ ತಳ್ಳಿದರೂ ಒಳಗಿನಿಂದ "ಚೆನ್ನಾಗಿದ್ದೀನಿ" ಎನ್ನುವವಳೇ ನೀನು. ಹಗಲುಹೊತ್ತು ಮಲಗುವ ಅಭ್ಯಾಸ ಯಾವಾಗಿನಿಂದ ಶುರುವಾಯಿತು? ವಯಸ್ಸಾಯಿತು ಬಿಡು.

ವಯಸ್ಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಿನ್ನ ಅಕ್ಷರ ಯಾಕೆ ಹೀಗೆ ಕುಂಬಳಕಾಯಿ ಗಾತ್ರಕ್ಕೆ ಬೆಳೆದಿದೆ? ಒಂದು ಹಾಳೆಗೆ ಎಂಟೇ ಸಾಲು! ಕಾಗದ ಬಿಟ್ಟಿ ಸಿಗುತ್ತದೆಯೇ? ಹೊಸ ಬಿರುಗಾಳಿ ಕಾರ್ಡು ಬರೆದು ಕಳಿಸಿದ್ದೀಯಲ್ಲ, ಅದರಲ್ಲಿ ಮರಗಳೆಲ್ಲ ನೀಲಿ. ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನೂಲಿಗೆ ಬಣ್ಣ ಹೊಂದಿಸುವವಳು, ಹಸಿರು ಯಾವುದು ನೀಲಿ ಯಾವುದು ಎಂದು ಅಣ್ಣನ ಹತ್ತಿರ ಹೇಳಿಸಿಕೊಳ್ಳಬೇಕೇ? ನಿನ್ನ ಅತ್ತಿಗೆ ನೋಡಿ "ಕಲೆ ಇರ್ಬೇಕು ಕಣ್ರೀ, ನಿಮಗೇನು ಗೊತ್ತು" ಅಂದಳು. ಕಲೆಯೋ ಕರ್ಮವೋ, ಮರ ನೀಲಿಯೇ ಇರಲಿ ಬಿಡು.

ಈಗ ಒಂಬತ್ತನೇ ಪುಟ. ಬಿರುಗಾಳಿಗೆ ಒಪ್ಪಿದೆ, ಸಂತೋಷ. ಆದರೆ ಹೊಸದಾಗಿ ಒಂದು ಹುಡುಕುವ ನಿಯಮ ಬೇಕು ಎಂದು ಪಟ್ಟು ಹಿಡಿದಿದ್ದೀಯ. ಎದುರಾಳಿ ತನ್ನ ಸರದಿಯನ್ನು ಬಿಟ್ಟುಕೊಟ್ಟರೆ ಮರೆಗಾರನನ್ನು ಹುಡುಕಿ ಹೊರಗೆಳೆಯಬಹುದು, ಅಂದರೆ ಲಕೋಟೆ ಬಿಚ್ಚಬಹುದು ಎಂದು. ಅದೂ ಇದೇ ಆಟದಿಂದ, ತಕ್ಷಣದಿಂದಲೇ! "ಬೇಗ ಉತ್ತರ ಬರೆ" ಎಂದು ಕೆಳಗೆ ಎರಡು ಗೀಟು ಬೇರೆ ಎಳೆದಿದ್ದೀಯ.

ಆಗುವುದಿಲ್ಲ ಮೊಂಡಿ. ನಾನು ಒಪ್ಪುವುದಿಲ್ಲ. ಯಾವಾಗ ಹೊರಗೆ ಬರಬೇಕು ಎನ್ನುವುದು ಅಡಗಿದವರ ಇಷ್ಟ, ಅದೇ ಅವರ ಬಲ. ಒಂದು ಸರದಿ ಕೊಟ್ಟು ಹುಡುಕಬಹುದು ಎಂದಾದರೆ ಯಾರು ತಾನೇ ಹುಡುಕುವುದಿಲ್ಲ? ಆಮೇಲೆ ಅಡಗಿ ಏನು ಉಪಯೋಗ? ಇನ್ನೊಂದು ಮಾತು. ಬಿಚ್ಚುವುದಕ್ಕೆ ಹಾತೊರೆಯಬೇಕಾದವನು ನಾನು, ಬೇಡ ಎನ್ನಬೇಕಾದವಳು ನೀನು. ನೀನೇ ಕಳ್ಳನಿಗೆ ಬೀಗದ ಕೈ ಕೊಡಲು ಹೊರಟಿದ್ದೀಯ. ಇದರಲ್ಲಿ ಏನೋ ಬಲೆ ಇದೆ ಎಂದು ನನಗೆ ತಕ್ಷಣ ಹೊಳೆಯಿತು. ನಾನು ಬಿಚ್ಚುತ್ತೇನೆ, ನೀನು "ನೋಡಿದ್ಯಾ, ಬುದ್ಧಿ ಹೋಗ್ಲಿಲ್ಲ" ಎಂದು ಮತ್ತೆ ಎಂಟು ತಿಂಗಳು ಮುಖ ತಿರುಗಿಸುತ್ತೀ. ಬೇಡಪ್ಪ. ಈ ಅಣ್ಣ ಬದಲಾಗಿದ್ದಾನೆ ಎಂದು ನಿನಗೆ ತೋರಿಸಿಯೇ ತೀರುತ್ತೇನೆ.

ನಿನ್ನ ಮರೆಗಾರ ಬಂದಾಗಿನಿಂದ ಸುಮ್ಮನೆ ಕೂತಿದ್ದಾನಲ್ಲ, ಅವನನ್ನು ಏಟಿಗೆ ಕಳಿಸು. ಅಷ್ಟು ಹೊತ್ತು ಅಡಗಿರುವವನು ನಿನ್ನ ಸಾಲಿಗೇ ಭಾರ.

ನನ್ನ ನಡೆ: ನಿನ್ನ ಕುದುರೆಯವನು ಸತ್ತ.

ದೇವರು ನಿನಗೆ ಆಯುಸ್ಸು ಆರೋಗ್ಯದ ಜೊತೆಗೆ ಚೂರು ಸಣ್ಣ ಅಕ್ಷರವನ್ನೂ ಕೊಡಲಿ.

ನಿನ್ನ
ಕಳ್ಳಣ್ಣ (ಮಾಜಿ)

ತಾ.ಕ.: ಲಕೋಟೆ ಬೀರುವಿನಲ್ಲೇ ಇದೆ. ನೆನ್ನೆ ಅತ್ತಿಗೆ ತೆಗೆದು ತೋರಿಸಿದಳು. ಅಂಟು ಕಲ್ಲಿನ ಹಾಗಿದೆ.


ಮೇ 9

ಪ್ರೀತಿಯ ಮೊಂಡಿಗೆ,

ನಿನ್ನ ಅಂಚೆಕಾರ್ಡು ನಿನ್ನೆ ಸಂಜೆ ಸಿಕ್ಕಿತು. ಈ ಸಲ ತಡ ಮಾಡದೆ, ಅಂಗಡಿ ತೆರೆಯುವ ಮೊದಲೇ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. "ಆಟ ಸಾಕಣ್ಣ. ನಾನು ಸೋತೆ ಅಂತ ಬರ್ಕೋ." ಇಷ್ಟೇ ಬರೆದಿದ್ದೀಯ. ಸಾಲುಗಳು ಜಾರುಬಂಡೆಯ ಹಾಗೆ ಇಳಿದಿವೆ.

ನಿಜ ಹೇಳಲೇ? ಮೊದಲು ಕುಣಿದೆ. ನಲವತ್ತು ವರ್ಷದಲ್ಲಿ ಮೋಸವಿಲ್ಲದೆ ನಿನ್ನನ್ನು ಗೆದ್ದದ್ದು ಇದೇ ಮೊದಲು. "ಗೆದ್ದೆ ಕಣೇ!" ಎಂದು ಕೂಗಿದೆ. ಅತ್ತಿಗೆ ಕಾರ್ಡು ಓದಿದಳು, ತಿರುಗಿಸಿ ನೋಡಿದಳು. "ಸಾಲಲ್ಲಿ ನಾಲ್ಕು ಜನ ಇನ್ನೂ ಜೀವಂತ ಇದ್ದಾರಲ್ರೀ, ಯಾಕೆ ಸೋತ್ಲು?" ಅಂದಳು. ಅದು ನನಗೂ ಬಗೆಹರಿಯುತ್ತಿಲ್ಲ. ನಿನಗೆ ಎರಡು ಸರದಿಯಲ್ಲಿ ಗೆಲ್ಲುವ ದಾರಿ ಇತ್ತು, ನಾನು ಹೆದರಿಕೊಂಡೇ ಕೂತಿದ್ದೆ. ಹುಡುಕುವ ನಿಯಮ ಬೇಡ ಎಂದದ್ದಕ್ಕೆ ಮುನಿಸೇ? ಅಷ್ಟಕ್ಕೆಲ್ಲ ಆಟ ಬಿಡಬೇಡವೇ. ಈ ಆಟ ಹೋದರೆ ನಮ್ಮಿಬ್ಬರಿಗೆ ಫೋನಿನ "ಚೆನ್ನಾಗಿದ್ದೀನಿ" ಬಿಟ್ಟರೆ ಉಳಿಯುವುದೇನು? ನನಗೆ ಅದು ಬಹಳ ಬೇಜಾರಿನ ವಿಷಯ.

ಒಂದು ಸಮಾಧಾನವಿದೆ. ಆಟ ಮುಗಿದರೂ ಲಕೋಟೆ ಬಿಚ್ಚದೆ ಉಳಿಯಿತು. ಎಪ್ಪತ್ತಾರು ದಿನ! ನೀನು ಇನ್ನು ಮೇಲೆ ನನ್ನನ್ನು ನಂಬಬಹುದು. ಒಪ್ಪಿಕೋ, ನೀನು ಇದನ್ನು ಎಣಿಸಿರಲಿಲ್ಲ.

ಆಟ ಮುಗಿದ ಮೇಲೆ ಬಿಚ್ಚುವ ಹಕ್ಕು ನನಗಿದೆ. ಈ ಪತ್ರಕ್ಕೆ ಸಹಿ ಹಾಕಿ, ಅತ್ತಿಗೆಯ ಎದುರಿಗೇ ಬಿಚ್ಚುತ್ತೇನೆ. ಬಿಲ್ಲುಗಾತಿಯೇ ಇರಬೇಕು ಎಂದು ನನ್ನ ಅಂದಾಜು.

ಮುನಿಸು ಬಿಟ್ಟು ಹೊಸ ಸಾಲು ಜೋಡಿಸು. ಎಲ್ಲ ಒಳ್ಳೆಯದಾಗಲಿ.

ನಿನ್ನ
ಕಳ್ಳಣ್ಣ

ತಾ.ಕ.: ಬಿಚ್ಚಿದೆ. ಅಂಟು ಬಿಡಲಿಲ್ಲ, ಕಾಗದ ಹರಿಯಬೇಕಾಯಿತು. ಕಾರ್ಡು ಇರಲಿಲ್ಲ. ಚೀಟಿ ಇತ್ತು. ನೀನೇ ಬರೆದದ್ದಾದರೂ ಇಲ್ಲಿ ಇಳಿಸುತ್ತೇನೆ, ನನ್ನ ಕೈ ಅದನ್ನೊಮ್ಮೆ ಬರೆಯಬೇಕು.

"ಕಳ್ಳಣ್ಣ, ಬಿಚ್ಚಿದ್ಯಾ? ಬಿಚ್ಚದೆ ಇರಲ್ಲ ಅಂತ ಗೊತ್ತಿತ್ತು. ಅದಕ್ಕೇ ಸರಿಯಾಗಿ ಅಂಟಿಸ್ಲಿಲ್ಲ. ಬೈಯಲ್ಲ ಬಿಡು. ಬಲಗಣ್ಣಿಗೆ ಆಪರೇಷನ್ ಅಂತೆ, ಮಾರ್ಚ್ ಇಪ್ಪತ್ತೆಂಟಕ್ಕೆ. ಜೊತೆಗೆ ಮನೆಯವರು ಒಬ್ರು ಇರ್ಬೇಕಂತೆ. ಫೋನಲ್ಲಿ ಹೇಳೋಕೆ ಹೋದ್ರೆ ಬಾಯಿಗೆ ಚೆನ್ನಾಗಿದ್ದೀನಿ ಅಂತಾನೇ ಬರತ್ತೆ. ನಂಗೆ ಭಯ ಆಗ್ತಿದೆ. ಬಾ."

ತಕ್ಷಣ ಫೋನು ಮಾಡಿದೆ. ಎತ್ತಿದವರು ನಿನ್ನ ಕೆಳಗಿನ ಮನೆಯ ಟೀಚರ್. ನೀನು ಮಲಗಿದ್ದೆ. ನಾನು ಯಾರೆಂದು ಹೇಳಿದೆ. ಅವರು ಹೇಳಿದರು. "ಮನೆಯವರು ಅನ್ನೋ ಕಡೆ ನಾನೇ ಸೈನ್ ಹಾಕ್ದೆ. ಸಂಬಂಧ ಏನು ಅಂತ ಕೇಳಿದ್ರು, ಕೆಳಗಿನ ಮನೆ ಅಂತ ಬರೆದೆ. ಒಳಗೆ ಕರ್ಕೊಂಡು ಹೋಗೋವರೆಗೂ ಬಾಗಿಲು ನೋಡ್ತಾನೇ ಇದ್ರು. ನಮ್ಮಣ್ಣ ಬರ್ತಾನೆ, ಅವ್ನು ಬಿಚ್ಚೇ ಬಿಚ್ಚಿರ್ತಾನೆ ಅಂತಿದ್ರು. ಏನು ಬಿಚ್ಚೋದು ಅಂತ ನಂಗೆ ಅರ್ಥ ಆಗ್ಲಿಲ್ಲ." ಆ ಕಣ್ಣಿಗೆ ಈಗ ಬೆಳಕು ತಿಳಿಯುತ್ತದೆ, ಬಣ್ಣ ತಿಳಿಯುವುದಿಲ್ಲ ಎಂದರು. ಗಿರಣಿಯಲ್ಲಿ ನಿನ್ನನ್ನು ಉಗ್ರಾಣಕ್ಕೆ ಹಾಕಿದ್ದಾರಂತೆ. ಎಡಗಣ್ಣಿಗೆ ಆಯಾಸವಾಗುತ್ತದೆ, ಓದಬಾರದಂತೆ.

ಅಯ್ಯೋ ಮೊಂಡಿ. ಜನ್ಮವೆಲ್ಲ ಮೋಸ ಮಾಡಿದವನು, ಮಾಡಲೇಬೇಕಾದ ದಿನ ಮಾಡಲಿಲ್ಲ. ನೀನು ಬಿಟ್ಟಿದ್ದ ಬಾಯಿಯನ್ನು ನಾನೇ ಗೋಂದು ಹಾಕಿ ಮುಚ್ಚಿದೆ. ಎರಡು ಗೀಟು ಎಳೆದು ಬೇಗ ಬರೆ ಎಂದಾಗಲೂ ನಿನಗೆ ನಿಯಮ ಹೇಳಿಕೊಟ್ಟೆ.

ಒಂಬತ್ತನೇ ಪುಟದಲ್ಲಿ ನೀನು ಹೇಳಿದ್ದನ್ನೇ ಬರೆದಿದ್ದೇನೆ. ತನ್ನ ಸರದಿ ಬಿಟ್ಟುಕೊಟ್ಟವರು ಅಡಗಿದವರನ್ನು ಹುಡುಕಬಹುದು. ನನ್ನ ಸರದಿ ಬಿಟ್ಟುಕೊಟ್ಟಿದ್ದೇನೆ. ಉಳಿದ ಪುಸ್ತಕಗಳು ಅಂಗಡಿಯಲ್ಲೇ ಬಿದ್ದಿರಲಿ. ಅತ್ತಿಗೆ ನನ್ನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಳೆ, ಹನ್ನೊಂದರ ಬಸ್ಸಿಗೆ ಹೊರಡುತ್ತೇನೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಕೈಯಲ್ಲೇ ತಂದು, ನಿನ್ನ ಪಕ್ಕದಲ್ಲಿ ಕೂತು ನಾನೇ ಓದುತ್ತೇನೆ. ಲಕೋಟೆಗೆ ಅಂಟು ಹಾಕಿಲ್ಲ.

ಅಣ್ಣ